ಬ್ಯಾಂಕುಗಳ ಭದ್ರತೆಯ ಅಳತೆಗೋಲು: ಪಾಲೈ ಬ್ಯಾಂಕಿನ ಪತನದ ಪಾಠ

ಬ್ಯಾಂಕಿನ ಯೋಗ್ಯತೆಯನ್ನು ಅದರ ಠೇವಣಿಯ ಮೊತ್ತದಿಂದ ಅಳೆಯುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಠೇವಣಿಯು ಬ್ಯಾಂಕಿನ ಸಂಪತ್ತಲ್ಲ. ಅದು ತೀರಿಸಬೇಕಾದ ಋಣ. ಆ ಹಣವನ್ನು ಯಾರಿಗೆ, ಯಾವ ಆಧಾರದ ಮೇಲೆ ಸಾಲವಾಗಿ ಕೊಡಲಾಗಿದೆ, ಅದು ಮರಳಿ ಬರುವುದೇ ಎಂಬುದರಲ್ಲಿಯೇ ಬ್ಯಾಂಕಿನ ಭದ್ರತೆ ಅಡಗಿದೆ. ಈ ಮಾತನ್ನು 1960ರ ಒಂದು ಘಟನೆಯ ಮೂಲಕ ಪರಿಶೀಲಿಸೋಣ.

ತಿರುವಾಂಕೂರಿನಲ್ಲಿ 1927ರಲ್ಲಿ ಸ್ಥಾಪಿತವಾದ ಪಾಲೈ ಸೆಂಟ್ರಲ್ ಬ್ಯಾಂಕು ಕಾಲಕ್ರಮದಲ್ಲಿ ಕೇರಳದ ದೊಡ್ಡ ಬ್ಯಾಂಕುಗಳ ಸಾಲಿನಲ್ಲಿ ನಿಂತಿತು. 1960ರ ಆಗಸ್ಟ್ 8ರಂದು, ರಿಸರ್ವ್ ಬ್ಯಾಂಕಿನ ಮನವಿಯ ಮೇರೆಗೆ, ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಅದರ ಬಾಗಿಲು ಮುಚ್ಚಿತು. ಕೊಟ್ಟ ಸಾಲಗಳು ದೊಡ್ಡ ಪ್ರಮಾಣದಲ್ಲಿ ವಸೂಲಾಗದೆ ನಿಂತಿದ್ದುದೇ ಪತನದ ಮೂಲ. ಈ ದೋಷ ಹಠಾತ್ತಾಗಿ ಹುಟ್ಟಿದುದಲ್ಲ. 1950ರ ದಶಕದ ತಪಾಸಣೆಗಳಲ್ಲಿಯೇ ಕಂಡುಬಂದಿದ್ದಿತು. ಬ್ಯಾಂಕನ್ನು ತಿದ್ದಿ ಉಳಿಸುವ ಆಸೆ ಒಂದು ಕಡೆ, ಮುಚ್ಚಿದರೆ ಇತರ ಬ್ಯಾಂಕುಗಳಿಗೂ ಜನ ಮುಗಿಬಿದ್ದಾರೆಂಬ ಭಯ ಇನ್ನೊಂದು ಕಡೆ. ಈ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಅವಧಿಯುದ್ದಕ್ಕೂ ಒಳಗಿನ ಸ್ಥಿತಿಯನ್ನರಿಯದ ಜನರು ಹಣವಿಡುತ್ತಲೇ ಇದ್ದರೆಂಬುದನ್ನು ಮರೆಯಲಾಗದು.

ಹೀಗೆ ಹಣವಿಡುವವರು ಎಷ್ಟು ಸಣ್ಣವರಿರಬಹುದೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಉಳಿತಾಯವನ್ನೂ ಸಂಗ್ರಹಿಸಿತು. ಎರಡಾಣೆ ಉಳಿಸುವವನು ಅಢಾವೆ ಪತ್ರಿಕೆಯನ್ನು ಓದಿ ಬ್ಯಾಂಕನ್ನು ಆರಿಸಲಾರನು. ಅವನ ಪರವಾಗಿ ಓದುವವರು ಬೇಕು.

ಪಾಲೈ ಪತನದ ಬಳಿಕ ಕಾನೂನು ಎಚ್ಚೆತ್ತಿತು. ದುರ್ಬಲ ಬ್ಯಾಂಕನ್ನು ಬೇರೊಂದರಲ್ಲಿ ವಿಲೀನಗೊಳಿಸುವ ಅಧಿಕಾರವನ್ನು 1960ರ ತಿದ್ದುಪಡಿಯು ಬಲಪಡಿಸಿತು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1,500 ರೂಪಾಯಿಗಳವರೆಗೆ ವಿಮಾರಕ್ಷಣೆ ದೊರೆಯಿತು. 2020ರಲ್ಲಿ ಈ ಮಿತಿ 5 ಲಕ್ಷಕ್ಕೇರಿತು.

ಆದರೆ ವಿಮೆಯು ನಷ್ಟಕ್ಕೆ ಪರಿಹಾರವೇ ಹೊರತು ಭದ್ರತೆಯ ಅಳತೆಗೋಲಲ್ಲ. ಕೈಸೇರದ ಬಡ್ಡಿಯನ್ನೂ ಆದಾಯವೆಂದು ಬರೆದುಕೊಂಡರೆ ಲೆಕ್ಕದಲ್ಲಿ ಲಾಭ ಕಾಣುವುದು ಸಹಜ. ನರಸಿಂಹಮ್ ಸಮಿತಿಯ 1991ರ ವರದಿಯ ತರುವಾಯ, ಸುಸ್ತಿಯಾದ ಸಾಲದ ಬಡ್ಡಿಯನ್ನು ವಸೂಲಾದಾಗ ಮಾತ್ರ ಆದಾಯವೆಂದು ಎಣಿಸುವ ನಿಯಮ ಬಂದಿತು. ಆದರೂ 2015ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳ ಗುಣಮಟ್ಟವನ್ನು ಹೊಸದಾಗಿ ಪರಿಶೀಲಿಸಿದಾಗ, ಉತ್ತಮವೆಂದು ತೋರಿಸಲ್ಪಟ್ಟಿದ್ದ ಅನೇಕ ಸಾಲಗಳು ಸುಸ್ತಿ ಸಾಲಗಳೆಂದು ಬಯಲಾದವು. 2018ರ ಮಾರ್ಚಿನ ವೇಳೆಗೆ ಅಂಥವುಗಳ ಪ್ರಮಾಣ ಒಟ್ಟು ಸಾಲದ ಶೇಕಡಾ 11ನ್ನು ಮೀರಿತು.

ಆದುದರಿಂದ ಬಂಡವಾಳ, ಲಾಭ, ನಗದಿನ ಅನುಕೂಲ ಇವೆಲ್ಲ ಅಗತ್ಯವಾದ ಮಾನಗಳಾದರೂ, ಸಾಲದ ನಿಜಸ್ಥಿತಿ ಮರೆಯಾಗಿರುವಲ್ಲಿ ಅವು ಯಾವುವೂ ನಂಬತಕ್ಕವಲ್ಲವೆಂದು ನಾವು ತಿಳಿಯುತ್ತೇವೆ. ದೋಷವನ್ನು ಕಾಣುವುದರ ಜೊತೆಗೆ, ಕಂಡುದನ್ನು ಸಕಾಲದಲ್ಲಿ ಹೇಳುವುದೂ ಪರೀಕ್ಷಕನ ಧರ್ಮ.