ವೇಗದ ಕಾರಿಗೆ ರಿಮ್ ಆಯ್ಕೆ: ಆಫ್‌ಸೆಟ್ ಮತ್ತು ಬ್ರೇಕಿನ ಅಂತರ

ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಶಿರಾ ಪಟ್ಟಣದ ಮಗ್ಗುಲಲ್ಲೇ ಹಾದುಹೋಗುತ್ತದೆ. ಹೆದ್ದಾರಿ ಬಿಟ್ಟು ಮಧುಗಿರಿ, ಪಾವಗಡ, ಕೊರಟಗೆರೆ ತಾಲ್ಲೂಕುಗಳ ಹಳ್ಳಿಗಳತ್ತ ತಿರುಗಿದರೆ ತಗ್ಗುದಿಣ್ಣೆಯ ದಾರಿಗಳೂ ಎದುರಾಗುತ್ತವೆ. ಎರಡೂ ಬಗೆಯ ರಸ್ತೆಗಳಲ್ಲಿ ಓಡುವ ಕಾರಿಗೆ ಅಗಲವಾದ ರಿಮ್ ಇಲ್ಲವೆ ದೊಡ್ಡ ಬ್ರೇಕ್ ಹಾಕಿಸುವವರು ಅಂದಕ್ಕಿಂತ ಮೊದಲು ಕೆಲವು ಮಿಲಿಮೀಟರುಗಳ ಲೆಕ್ಕವನ್ನು ಅರಿಯಬೇಕು.

ಆಫ್‌ಸೆಟ್ ಎಂದರೇನು?

ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್ಬಿಗೆ ಕೂಡುವ ಮುಖಕ್ಕೂ ನಡುವಣ ದೂರವೇ ಆಫ್‌ಸೆಟ್. ರಿಮ್ಮಿನ ಮೇಲೆ ಇದನ್ನು 'ಇಟಿ' ಎಂಬ ಗುರುತಿನೊಡನೆ ನಮೂದಿಸಿರುತ್ತಾರೆ. ಕೂಡುವ ಮುಖವು ನಡುಗೆರೆಯಿಂದ ಹೊರಬದಿಗಿದ್ದರೆ ಅದು ಧನ, ಒಳಬದಿಗಿದ್ದರೆ ಋಣ. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ.

ಲೆಕ್ಕದ ಬಗೆ

6 ಇಂಚು ಅಗಲದ, ಇಟಿ 40ರ ರಿಮ್ ತೆಗೆದು 7 ಇಂಚು ಅಗಲದ, ಇಟಿ 35ರ ರಿಮ್ ಹಾಕಿದರೆಂದುಕೊಳ್ಳೋಣ. ಅಗಲ 25.4 ಮಿ.ಮೀ. ಹೆಚ್ಚುವುದರಿಂದ ಪ್ರತಿ ಬದಿಗೆ 12.7 ಮಿ.ಮೀ. ಸೇರುತ್ತದೆ. ಆಫ್‌ಸೆಟ್ 5 ಮಿ.ಮೀ. ಇಳಿದದ್ದರಿಂದ ಹೊರ ಅಂಚು ಒಟ್ಟು 17.7 ಮಿ.ಮೀ. ಹೊರಕ್ಕೂ, ಒಳ ಅಂಚು 7.7 ಮಿ.ಮೀ. ಒಳಕ್ಕೂ ಬರುತ್ತದೆ. ಅತಿಯಾಗಿ ಹೊರಬಂದ ಚಕ್ರವು ಮಡ್‌ಗಾರ್ಡಿಗೆ ಉಜ್ಜುವುದಲ್ಲದೆ ಬೇರಿಂಗಿನ ಮೇಲಿನ ಭಾರವನ್ನೂ ಹೆಚ್ಚಿಸುತ್ತದೆ. ಅತಿಯಾಗಿ ಒಳಹೋದದ್ದು ಸಸ್ಪೆನ್ಷನ್ನಿಗೆ ತಾಗುತ್ತದೆ.

ಬ್ರೇಕಿನ ಅಂತರ

ಆಫ್‌ಸೆಟ್ ಸರಿಯಿದ್ದ ಮಾತ್ರಕ್ಕೆ ಬ್ರೇಕಿಗೆ ಜಾಗ ಸಿಕ್ಕಿತೆನ್ನಲಾಗದು. ಕ್ಯಾಲಿಪರಿಗೂ ರಿಮ್ಮಿನ ಒಳಸುತ್ತಿಗೂ ನಡುವಣ ಅಂತರ ಒಂದು. ಕ್ಯಾಲಿಪರಿಗೂ ಕಡ್ಡಿಗಳ ಹಿಂಬದಿಗೂ ನಡುವಣ ಅಂತರ ಇನ್ನೊಂದು. ಅಳತೆ, ಆಫ್‌ಸೆಟ್ ಎರಡೂ ಒಂದೇ ಇರುವ ಎರಡು ರಿಮ್ಮುಗಳಲ್ಲಿ ಕಡ್ಡಿಗಳ ಬಾಗು ಬೇರೆಯಾಗಿದ್ದರೆ, ಒಂದು ಹಿಡಿಸಿ ಇನ್ನೊಂದು ತಾಗಬಹುದು. ಕನಿಷ್ಠ 3 ಮಿ.ಮೀ. ಅಂತರ ಇರಬೇಕೆಂಬುದು ರೂಢಿಯ ಲೆಕ್ಕ. ಒಳಸುತ್ತಿಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕದ ದಪ್ಪವನ್ನು ಇದರ ಜೊತೆಗೆ ಪ್ರತ್ಯೇಕವಾಗಿ ಎಣಿಸಬೇಕು.

ಅನೇಕ ಕಾರುಗಳಲ್ಲಿರುವ ಜಾರುವ ಬಗೆಯ ಕ್ಯಾಲಿಪರು ಪ್ಯಾಡ್ ಸವೆದಂತೆ ಒಳಕ್ಕೆ ಸರಿಯುತ್ತದೆ. ಸವೆದ ಪ್ಯಾಡ್ ಇರುವಾಗ ಸರಿಯೆನಿಸಿದ ರಿಮ್, ಹೊಸ ಪ್ಯಾಡ್ ಹಾಕಿದೊಡನೆ ಉಜ್ಜಬಹುದು. ಆದುದರಿಂದ ಹೊಸ ಪ್ಯಾಡ್ ಇರುವಾಗಲೇ ಪರೀಕ್ಷಿಸುವುದು ಕ್ಷೇಮ. ಬ್ರೇಕ್ ಕಿಟ್ ಕೊಳ್ಳುವುದಿದ್ದರೆ ತಯಾರಕರು ಒದಗಿಸುವ ಕಾಗದದ ಅಚ್ಚನ್ನು ರಟ್ಟಿಗಂಟಿಸಿ, ಕತ್ತರಿಸಿ, ರಿಮ್ಮಿನೊಳಗೆ ಹಿಡಿದು ನೋಡಬಹುದು.

ಸ್ಪೇಸರ್ ಬಳಕೆ

5 ಮಿ.ಮೀ. ಸ್ಪೇಸರ್ ಹಾಕಿದರೆ ಕಡ್ಡಿಯ ಬಳಿ ಅಷ್ಟೇ ಅಂತರ ಹೆಚ್ಚುತ್ತದೆ. ಒಳಸುತ್ತಿನ ಅಂತರವನ್ನು ಅದು ಹೆಚ್ಚಿಸದು. ಬೋಲ್ಟಿನ ಹಿಡಿತವೂ ಅಷ್ಟೇ ಕಡಿಮೆಯಾಗುವುದರಿಂದ ಉದ್ದನೆಯ ಬೋಲ್ಟ್ ಅಗತ್ಯ.

ರಸ್ತೆಗೆ ತಕ್ಕ ರಿಮ್

2022ರಿಂದ ವಿಶ್ವ ರ್‍ಯಾಲಿಯಲ್ಲಿ ಓಡಿದ ರ್‍ಯಾಲಿ-1 ಕಾರುಗಳು ಡಾಂಬರಿಗೆ 18 ಇಂಚಿನ, ಜಲ್ಲಿಮಣ್ಣಿಗೆ 15 ಇಂಚಿನ ರಿಮ್ ಬಳಸಿವೆ. ಸಣ್ಣ ರಿಮ್ಮಿಗೆ ದಪ್ಪ ಟೈರ್ ಹಾಕಿದರೆ ಗುಂಡಿಯ ಪೆಟ್ಟನ್ನು ಟೈರ್ ತಾಳಿಕೊಳ್ಳುತ್ತದೆ. ಆದರೆ ಅದರೊಳಗೆ ದೊಡ್ಡ ಬ್ರೇಕ್ ಹಿಡಿಸದು. ಹೆದ್ದಾರಿಯ ಜೊತೆಗೆ ಹಳ್ಳಿಯ ದಾರಿಯನ್ನೂ ತುಳಿಯುವ ಕಾರಿಗೆ, ಬ್ರೇಕಿಗೆ ಸಾಕಾಗುವಷ್ಟೇ ದೊಡ್ಡದಾದ ರಿಮ್ ಲೇಸು.

ಕೊನೆಯ ಪರೀಕ್ಷೆ

ಟೈರ್ ಕೂಡಿಸುವ ಮೊದಲು ಬರಿಯ ರಿಮ್ಮನ್ನು ಹಬ್ಬಿಗೆ ಬಿಗಿದು ಕೈಯಿಂದ ಪೂರ್ತಿ ಸುತ್ತು ತಿರುಗಿಸಬೇಕು. ಟೈರ್ ಕೂಡಿಸಿದ ಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಕಾರಿನಲ್ಲಿ ಪೂರ್ಣ ಭಾರವಿರಿಸಿ ನೋಡಬೇಕು. ಎಲ್ಲಿಯಾದರೂ ತಾಗಿದರೆ ಕ್ಯಾಲಿಪರನ್ನು ಅರದಿಂದ ಉಜ್ಜಿ ಜಾಗ ಮಾಡಿಕೊಳ್ಳುವುದು ಸಲ್ಲದು, ಬದಲಿಸಬೇಕಾದದ್ದು ರಿಮ್ಮನ್ನು.