ಮೊಲದ ಮೇಲೆ ಪರೀಕ್ಷಿಸಿದ ಲಸಿಕೆ, ಮೊಲಕ್ಕೇ ಬೇಕಾದ ಲಸಿಕೆ

ಪೊವಾಯಿಯ ನಮ್ಮ ಫ್ಲ್ಯಾಟಿನಲ್ಲಿ ಮಗಳು ಒಂದು ಮೊಲ ಸಾಕಿದ್ದಾಳೆ. "ನಾಯಿಗೆ ರೇಬೀಸ್ ಇಂಜೆಕ್ಷನ್ ಕೊಡಿಸ್ತಾರಲ್ಲ ಅಪ್ಪ, ಮೊಲಕ್ಕೆ ಯಾವುದು?" ಅಂತ ಒಂದಿನ ಕೇಳಿದಳು. ನನಗೆ ಗೊತ್ತಿರಲಿಲ್ಲ. ವೆಟ್ ಡಾಕ್ಟರನ್ನ ಕೇಳಿದೆ. "ಎರಡು ವೈರಸ್ ಕಾಯಿಲೆಗೆ ಯುರೋಪಿನಲ್ಲಿ ಲಸಿಕೆ ಇದೆ. ನನ್ನ ಹತ್ರ ಇಲ್ಲ" ಅಂದ್ರು. ಯಾಕೆ ಇಲ್ಲ ಅಂತ ಹುಡುಕ್ತಾ ಹೋದರೆ ಕಥೆ ಇದೇ ಮುಂಬೈನ 1896ಕ್ಕೆ ಹೋಗಿ ನಿಂತಿತು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅಕ್ಟೋಬರ್‌ನಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಬಂದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಸಣ್ಣ ಜಾಗ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿದರು, ಆಮೇಲೆ ಕಾಯಿಸಿ ಅದನ್ನ ಸಾಯಿಸಿದರು. ಆ ಲಸಿಕೆಯನ್ನ ಮೊದಲು ಪರೀಕ್ಷಿಸಿದ್ದು ಮೊಲಗಳ ಮೇಲೆ. ಲಸಿಕೆ ಪಡೆದ ಮೊಲಗಳು ಪ್ಲೇಗ್ ತಡೆದುಕೊಂಡವು. ಆ ಧೈರ್ಯದ ಮೇಲೆ 1897ರ ಜನವರಿ 10ರಂದು ಹಾಫ್‌ಕಿನ್ ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳು ಬೈಕುಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೂ ಕೊಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಗೆ ಪ್ಲೇಗ್ ಹಬ್ಬಿದಾಗ ಸಾವಿರಾರು ಜನ ತೋಳು ಚಾಚಿದ್ದು ಇದೇ ಲಸಿಕೆಗೆ. 1899ರಲ್ಲಿ ಪ್ರಯೋಗಾಲಯ ಪರೇಲ್‌ನ ಹಳೇ ಗವರ್ನರ್ ಬಂಗಲೆಗೆ ಹೋಯಿತು. ಅದೇ ಇವತ್ತಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್.

ಈಗ ಇನ್ನೊಂದು ಕಡೆ ನೋಡಿ. ಅದೇ 1896ರಲ್ಲಿ, ಉರುಗ್ವೆಯ ಮಾಂಟೆವಿಡಿಯೊದಲ್ಲಿ ಸನಾರೆಲ್ಲಿ ಅನ್ನೋ ವಿಜ್ಞಾನಿಯ ಲ್ಯಾಬಿನ ಮೊಲಗಳು ಕಣ್ಣು, ಮುಖ ಊದಿಕೊಂಡು ಸತ್ತವು. ಅದೇ ಮಿಕ್ಸೊಮಟೋಸಿಸ್. ಸೊಳ್ಳೆ, ಚಿಗಟಗಳಿಂದ ಹರಡುವ ವೈರಸ್.

ಪ್ಲೇಗಿಗೆ ಕೆಲವೇ ತಿಂಗಳಲ್ಲಿ ಲಸಿಕೆ ಬಂತು. ಈ ಕಾಯಿಲೆಗೆ ದಶಕಗಳೇ ಬೇಕಾದವು. ಅಷ್ಟೇ ಅಲ್ಲ, 1950ರಲ್ಲಿ ಆಸ್ಟ್ರೇಲಿಯಾ ಬೆಳೆ ತಿನ್ನುವ ಕಾಡುಮೊಲಗಳನ್ನ ಕೊಲ್ಲೋಕೆ ಇದೇ ವೈರಸ್ಸನ್ನ ಬೇಕಂತಲೇ ಬಿಟ್ಟಿತು! 1952ರಲ್ಲಿ ಫ್ರಾನ್ಸಿನ ಒಬ್ಬ ಡಾಕ್ಟರ್ ತಮ್ಮ ಎಸ್ಟೇಟಿನಲ್ಲಿ ಬಿಟ್ಟರು. ಅದು ಬೇಲಿ ದಾಟಿ ಯುರೋಪಿನಲ್ಲೆಲ್ಲಾ ಹಬ್ಬಿತು, ಸಾಕಿದ ಮೊಲಗಳೂ ಸತ್ತವು. ಸಾಕುವವರಿಗೆ ನಷ್ಟವಾದಾಗ ಲಸಿಕೆಗೆ ಬೆಲೆ ಬಂತು. ಅಮೆರಿಕದ ಮೊಲಗಳಲ್ಲಿರುವ ಒಂದು ಸೌಮ್ಯ ನೆಂಟ ವೈರಸ್ಸನ್ನ ಲಸಿಕೆಯಾಗಿ ಬಳಸಿದರು. ಸಿಡುಬಿಗೆ ಹಸುವಿನ ಸಿಡುಬು ಬಳಸಿದ ಉಪಾಯವೇ.

ಎರಡನೇ ಕಾಯಿಲೆ ಮೊಲಗಳ ರಕ್ತಸ್ರಾವ ರೋಗ. 1984ರಲ್ಲಿ ಚೀನಾದ ಜಿಯಾಂಗ್ಸುನಲ್ಲಿ, ಜರ್ಮನಿಯಿಂದ ತಂದ ಅಂಗೋರಾ ಮೊಲಗಳಲ್ಲಿ ಶುರುವಾಯಿತು. ಲಿವರ್ ಹಾಳಾಗಿ ಎರಡು ಮೂರು ದಿನದಲ್ಲೇ ಸಾವು. ಇಲ್ಲಿ ಕೂದಲು, ಮಾಂಸದ ವ್ಯಾಪಾರವಿತ್ತು, ಲಸಿಕೆಯೂ ಬೇಗ ಬಂತು: ಸತ್ತ ಮೊಲದ ಲಿವರ್ ಅರೆದು, ಫಾರ್ಮಲಿನ್‌ನಿಂದ ವೈರಸ್ ಸಾಯಿಸಿ ಮಾಡಿದ್ದು. 2010ರಲ್ಲಿ ಫ್ರಾನ್ಸಿನಲ್ಲಿ ಎರಡನೇ ತಳಿ ಕಾಣಿಸಿತು. ಹಳೇ ಲಸಿಕೆ ಅದಕ್ಕೆ ಸಾಲಲಿಲ್ಲ, ಹೊಸದು ಮಾಡಬೇಕಾಯಿತು.

ನನಗೆ ಅರ್ಥವಾಗಿದ್ದು ಇಷ್ಟು. ಕಾಯಿಲೆ ಇದ್ದ ಮಾತ್ರಕ್ಕೆ ಲಸಿಕೆ ಬರಲ್ಲ. ಯಾರ ನಷ್ಟವನ್ನ ನಾವು ಲೆಕ್ಕಕ್ಕೆ ಹಿಡೀತೀವೋ ಅವರ ಹತ್ರ ಮೊದಲು ಬರುತ್ತೆ. ಬಾಲ್ಕನಿಯ ಒಂದು ಮೊಲ ಯಾರ ಲೆಕ್ಕದಲ್ಲೂ ಇಲ್ಲ.

ಹಾಗಾದ್ರೆ ನಾವೇನು ಮಾಡಬಹುದು? ಡಾಕ್ಟರ್ ಹೇಳಿದ್ದನ್ನೇ ಹೇಳ್ತೀನಿ: ಗೂಡಿಗೆ ಸೊಳ್ಳೆಪರದೆ ಹಾಕಿ. ಹೊಸ ಮೊಲ ತಂದರೆ ಕೆಲವು ವಾರ ಬೇರೆ ಇಡಿ. ರಕ್ತಸ್ರಾವ ರೋಗದ ವೈರಸ್ ಚಪ್ಪಲಿ, ಬಟ್ಟೆ, ಹುಲ್ಲಿನ ಮೇಲೂ ಬರಬಹುದು, ಬೇರೆ ಮೊಲ ಮುಟ್ಟಿ ಬಂದರೆ ಕೈ ತೊಳೀರಿ. ಇವೆರಡೂ ಮನುಷ್ಯರಿಗೆ ಅಂಟಲ್ಲ, ಆ ಭಯ ಬೇಡ. ಲಸಿಕೆ ಇದೆಯಾ ಅಂತ ನಿಮ್ಮ ಡಾಕ್ಟರನ್ನ ಕೇಳ್ತಾ ಇರಿ. ಕೇಳೋರು ಹೆಚ್ಚಿದರೆ ತಾನೇ ತರಿಸೋರು ಹುಟ್ಟೋದು?

ಮುಂದಿನ ಸಲ ಪರೇಲ್ ಕಡೆ ಹೋದಾಗ ಮಗಳಿಗೆ ಆ ಬಂಗಲೆ ತೋರಿಸಬೇಕು. ಹುಬ್ಬಳ್ಳಿಯವರ ತೋಳಿಗಿಂತ ಮೊದಲು ಆ ಸೂಜಿ ತಾಗಿದ್ದು ಮೊಲಗಳಿಗೆ ಅಂತ ಹೇಳಬೇಕು.