ಹೆಸರಿಲ್ಲದ ಚೀಲ: ಕಾಫಿಯ ಚರಿತ್ರೆ ಮತ್ತು ನಮ್ಮ ಸಣ್ಣ ಬೆಳೆಗಾರರು



ಜನವರಿಯಿಂದ ತಪಸ್ಸುಕಾಲದವರೆಗೆ ಶ್ರೀಮಂಗಲದ ಮನೆಗಳಿಗೆ ಭೇಟಿಗೆ ಹೋದರೆ ನಮ್ಮನ್ನು ಮೊದಲು ಎದುರುಗೊಳ್ಳುವುದು ಕಣದಲ್ಲಿ ಹರಡಿದ ಕಾಫಿ. ಬೆಳಿಗ್ಗೆ ಅದನ್ನು ಹರಡಬೇಕು, ಬಿಸಿಲು ಏರಿದಂತೆ ಕೆದಕುತ್ತಿರಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಬ್ರಹ್ಮಗಿರಿಯ ಕಡೆ ಮೋಡ ಕಂಡರೆ ಸಾಕು, ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ಕಣಕ್ಕೆ ಓಡುತ್ತಾರೆ. ಒಣಗಿದ ಕಾಫಿ ಚೀಲ ಸೇರಿ ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ. ಅಲ್ಲಿ ಒಂದಿಷ್ಟು ಕಾಫಿ ಸುಲಿದು ತೂಗಿ ಔಟ್‌ಟರ್ನ್ ಲೆಕ್ಕ ಹಾಕುತ್ತಾರೆ, ಬೆಲೆ ಹೇಳುತ್ತಾರೆ. ಆ ಕ್ಷಣದಿಂದ ಬೆಳೆದವನ ಹೆಸರು ಯಾರಿಗೂ ಬೇಕಿಲ್ಲ.

ಆದರೆ ಆಫ್ರಿಕಾದ ಕೀನ್ಯಾ ದೇಶದಲ್ಲಿ ಎಕರೆ, ಅರ್ಧ ಎಕರೆ ತೋಟವಿರುವ ರೈತರ ಕಾಫಿ ತಮ್ಮೂರಿನ ಸಹಕಾರಿ ಘಟಕದ ಹೆಸರು ಹೊತ್ತು ನೈರೋಬಿಯ ಹರಾಜಿಗೆ ಬರುತ್ತದೆ. ಜಗತ್ತಿನ ಉತ್ತಮ ಕಾಫಿಗಳಲ್ಲಿ ಒಂದೆಂದು ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ಅವರದೂ ಬೆವರು, ನಮ್ಮದೂ ಬೆವರು. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಇದಕ್ಕೆ ಉತ್ತರವನ್ನು ನಾವು ಚರಿತ್ರೆಯಲ್ಲಿ ಹುಡುಕಬೇಕು.

ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಅವರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ಎಲ್ಲರೂ ಬಲ್ಲ ಐತಿಹ್ಯ. ಕೊಡಗಿನಲ್ಲಿ ಅರಸರ ಕಾಲದಲ್ಲಿಯೇ ನಾಲ್ಕುನಾಡಿನ ಬಳಿ ಮಾಪಿಳ್ಳೆ ಕುಟುಂಬಗಳು ಕಾಫಿ ಬೆಳೆಯುತ್ತಿದ್ದವೆಂದು ಬ್ರಿಟಿಷರ ಕಾಲದ ಬರಹಗಳು ತಿಳಿಸುತ್ತವೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ಫೌಲರ್ ಎಂಬ ಯುರೋಪಿಯನ್ನರು ಮಡಿಕೇರಿಯಲ್ಲಿ ಮೊದಲ ಎಸ್ಟೇಟ್ ತೆರೆದದ್ದು 1854ರಲ್ಲಿ. ಅಂದರೆ ನಮ್ಮ ನಾಡಿನಲ್ಲಿ ದೊಡ್ಡ ಎಸ್ಟೇಟಿಗಿಂತ ಮೊದಲು ಬಂದವನು ಸಣ್ಣ ಬೆಳೆಗಾರನೇ.

ಮುಂದೆ ಕಾಡು ಕಡಿದು ಎಸ್ಟೇಟುಗಳು ಹಬ್ಬಿದವು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ, ಅದರ ಬೆನ್ನಿಗೇ ಎಲೆ ತುಕ್ಕು ರೋಗ ಬಂದು ಅನೇಕ ತೋಟಗಳು ಹಾಳುಬಿದ್ದವು. ನೆರಳು ಮರಗಳಿಲ್ಲದೆ ಕಾಫಿ ಉಳಿಯದೆಂಬ ಪಾಠವನ್ನು ಬೆಳೆಗಾರರು ಆಗ ಕಲಿತರು. ಇಪ್ಪತ್ತನೆಯ ಶತಮಾನದಲ್ಲಿ ರೋಗವನ್ನು ಹೆಚ್ಚು ತಾಳಿಕೊಳ್ಳುವ ರೊಬಸ್ಟಾ ಬಂದಿತು. ದಕ್ಷಿಣ ಕೊಡಗಿನ ನಮ್ಮ ಸೀಮೆಯಲ್ಲಿ ಇಂದು ಅದೇ ಮುಖ್ಯ ಬೆಳೆ.

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಪೂಲ್ ಪದ್ಧತಿ ಬಂದಿತು. 1942ರ ಕಾಯಿದೆ ಅದಕ್ಕೆ ಬಲ ನೀಡಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಮಾರಾಟದ ಚಿಂತೆ ತಪ್ಪಿತು ನಿಜ. ಆದರೆ ಒಬ್ಬನು ಹಣ್ಣನ್ನೇ ಆರಿಸಿ ಕೊಯ್ದು ತಂದ ಕಾಫಿಯೂ ಇನ್ನೊಬ್ಬನು ಹಸಿರು, ಕಪ್ಪು ನೋಡದೆ ಉದುರಿಸಿ ತಂದ ಕಾಫಿಯೂ ಒಂದೇ ರಾಶಿ ಸೇರುತ್ತಿದ್ದವು. ಚೀಲದ ಹೆಸರು ಅಳಿಸಿದ್ದು ಇಲ್ಲಿ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ಕುಸಿದವು. 1990ರ ದಶಕದಲ್ಲಿ ನಮ್ಮ ಪೂಲ್ ಕೂಡ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. 1997ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್ ದಾಟಿದಾಗ ಸಂತೋಷಪಟ್ಟವರು, 2001ರಲ್ಲಿ ಅದು ಅರ್ಧ ಡಾಲರಿಗಿಂತ ಕೆಳಗಿಳಿದಾಗ ಸಾಲದ ನೋಟೀಸು ಕೈಯಲ್ಲಿ ಹಿಡಿದು ಕುಳಿತರು. 2025ರ ಆರಂಭದಲ್ಲಿ ಅದೇ ಬೆಲೆ 4 ಡಾಲರ್ ದಾಟಿತು. ಏರಿದಾಗಲೂ ಇಳಿದಾಗಲೂ ಬೆಲೆ ಕಟ್ಟಿದವರು ಬೇರೆಯವರು. ಸ್ವಾತಂತ್ರ್ಯವೇನೋ ದೊರೆಯಿತು, ಆದರೆ ಬೆಳೆಗಾರ ಒಂಟಿಯಾದನು.

ಇನ್ನು ಕೀನ್ಯಾಕ್ಕೆ ಬರೋಣ. 1893ರಲ್ಲಿ ಅಲ್ಲಿನ ಟೈಟಾ ಬೆಟ್ಟಗಳ ಬೂರಾ ಎಂಬಲ್ಲಿ ಕಾಫಿ ನೆಟ್ಟವರು ಪವಿತ್ರಾತ್ಮರ ಸಭೆಯ ಗುರುಗಳು. ಅವರು ತಂದ ತಳಿಗೆ ಇಂದಿಗೂ ಫ್ರೆಂಚ್ ಮಿಷನ್ ಎಂಬ ಹೆಸರಿದೆ. ನಮ್ಮ ನೆಲದ ನಂಟೂ ಉಂಟು: 1911ರಲ್ಲಿ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಗುರುತಿಸಿದ ಕೆಂಟ್ ತಳಿ ಪೂರ್ವ ಆಫ್ರಿಕಾಕ್ಕೂ ಹೋಯಿತು. ಆದರೆ ಕಾಫಿ ಅಲ್ಲಿ ಬಹುಕಾಲ ಬಿಳಿಯರ ಸೊತ್ತಾಗಿತ್ತು. 1930ರ ದಶಕದವರೆಗೆ ಕಪ್ಪು ರೈತನಿಗೆ ಕಾಫಿ ಬೆಳೆಯಲು ಬಿಡಲಿಲ್ಲ. 1954ರ ಸ್ವಿನ್ನರ್ಟನ್ ಯೋಜನೆಯ ನಂತರವೇ ಬಾಗಿಲು ಅಗಲವಾಗಿ ತೆರೆಯಿತು.

ತಡವಾಗಿ ಬಂದ ಆ ರೈತರು ಗುಂಪಾಗಿ ಬಂದರು. ಮಾಗಿದ ಹಣ್ಣನ್ನು ಕೊಯ್ದ ದಿನವೇ ಸಹಕಾರಿ ಘಟಕಕ್ಕೆ ಹೊತ್ತು ತರುತ್ತಾರೆ. ಅಲ್ಲಿ ಕಾಯಿ, ಒಣಗಿದ್ದು, ಹುಳುಕು ಬೇರೆಮಾಡಿ, ಪಲ್ಪರಿನಲ್ಲಿ ಸಿಪ್ಪೆ ತೆಗೆದು, ಹುಳಿಯಿಸಿ ತೊಳೆದು, ಎತ್ತರದ ಮಂಚಗಳ ಮೇಲೆ ಒಣಗಿಸುತ್ತಾರೆ. ಒಬ್ಬ ಬಡವನಿಗೆ ಪಲ್ಪರು, ತೊಟ್ಟಿ ನಿಲುಕದು. ನೂರಾರು ಮಂದಿ ಸೇರಿದರೆ ನಿಲುಕುತ್ತದೆ. ಅಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾವು ಹೇಳುತ್ತಿಲ್ಲ. ಸಂಘಗಳ ಸಾಲ, ಕೆಟ್ಟ ಆಡಳಿತ, ತಡವಾಗಿ ಸೇರುವ ಹಣ ಇವುಗಳಿಂದ ಬೇಸತ್ತು ಗಿಡ ಕಿತ್ತವರೂ ಇದ್ದಾರೆ. ಲೆಕ್ಕ ಕೇಳುವ ಸದಸ್ಯರಿಲ್ಲದಿದ್ದರೆ ಸಹಕಾರವೂ ಇನ್ನೊಬ್ಬ ದಲ್ಲಾಳಿಯಾಗುತ್ತದೆ.

ಭಾರತದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 25 ಎಕರೆಗಿಂತ ಚಿಕ್ಕವು. ದೇಶದ ಕಾಫಿಯ ಬಹುಪಾಲು ಬರುವುದು ಇವುಗಳಿಂದಲೇ. 2019ರಲ್ಲಿ ಕೊಡಗು ಅರೇಬಿಕಾಕ್ಕೆ ಭೌಗೋಳಿಕ ಸೂಚಕ ದೊರೆತು ನಾಡಿನ ಹೆಸರು ಚೀಲಕ್ಕೆ ಮರಳಿತು. ನಮ್ಮ ರೊಬಸ್ಟಾಕ್ಕೆ ಅದು ಅನ್ವಯಿಸದು. ಆದರೂ ಚೆನ್ನಾಗಿ ಪಲ್ಪ್ ಮಾಡಿದ ಆಯ್ದ ರೊಬಸ್ಟಾ ‘ರೊಬಸ್ಟಾ ಕಾಪಿ ರಾಯಲ್’ ಎಂಬ ವಿಶೇಷ ದರ್ಜೆಯಲ್ಲಿ ಹೊರದೇಶಕ್ಕೆ ಹೋಗುತ್ತದೆ. ಹೀಗಿರುವಾಗ ರೊಬಸ್ಟಾ ಕೀಳೆಂಬ ಮಾತನ್ನು ನಾವೇ ಏಕೆ ನಂಬಬೇಕು?

ಇಲ್ಲಿನ ಕಷ್ಟ ನಮಗೆ ತಿಳಿಯದ್ದಲ್ಲ. ಕೊಯ್ಲಿಗೆ ಆಳು ಸಿಗುವುದಿಲ್ಲ. ಆನೆಯ ಭಯದಿಂದ ಬೆಳಕು ಹರಿಯುವ ಮೊದಲು ತೋಟಕ್ಕಿಳಿಯುವಂತಿಲ್ಲ. ಅಕಾಲ ಮಳೆ ಬಂದರೆ ಕಣದಲ್ಲೇ ಬೂಸಲು. ಆದ್ದರಿಂದಲೇ ಒಂಟಿಯಾಗಿ ಮಾಡಲಾಗದ್ದನ್ನು ಕೂಡಿ ಮಾಡೋಣವೆನ್ನುತ್ತೇವೆ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಒಂದು ಪಲ್ಪರು ಇಟ್ಟುಕೊಳ್ಳಬಹುದು. ಮೊದಲ ವರ್ಷ ಹತ್ತೇ ಚೀಲವಾಗಲಿ, ಹಣ್ಣನ್ನೇ ಕೊಯ್ದು ಬೇರೆಯಾಗಿ ಒಣಗಿಸಿ ಊರ ಹೆಸರಿನಲ್ಲಿ ಮಾರಲು ಯತ್ನಿಸಬಹುದು. ಹಣ್ಣನ್ನೇ ಆರಿಸಿ ಕೊಯ್ಯುವವರಿಗೆ ಕೊಯ್ಲು ನಿಧಾನವಾಗುತ್ತದೆ. ಅವರ ಕೂಲಿಯಲ್ಲಿ ಕಡಿತ ಮಾಡಬಾರದು. ಬೆಳೆಗಾರನಿಗೆ ನ್ಯಾಯದ ಬೆಲೆ ಬೇಕೆನ್ನುವ ನಾವು ಕೊಯ್ಯುವ ಕೈಯನ್ನು ಮರೆತರೆ ನಮ್ಮ ಮಾತಿಗೆ ಬೆಲೆಯಿರದು.

ಈ ಬಾರಿ ಹೂಮಳೆ ಸಕಾಲಕ್ಕೆ ಬರಲಿ. ನಿಮ್ಮ ತೋಟ, ಕಣ, ದುಡಿಯುವ ಕೈಗಳನ್ನು ದೇವರು ಆಶೀರ್ವದಿಸಲಿ.